ಅಂಕಣದ ಸುತ್ತಲಿನ ಬೊಬ್ಬೆ: ಒಂದು ಸಂವಾದ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಲ್ಲಿ ನಡೆಯುವ ಅಂತರಕಾಲೇಜು ಪಂದ್ಯಾಟಗಳ ವರದಿಗಳು ಸಾಮಾನ್ಯವಾಗಿ ಗೆದ್ದ ತಂಡ, ಗಳಿಸಿದ ಅಂಕ, ಬಹುಮಾನ ವಿತರಿಸಿದ ಗಣ್ಯರ ಹೆಸರು ಇವಿಷ್ಟನ್ನು ದಾಖಲಿಸಿ ಮುಗಿಯುತ್ತವೆ. ಅಂಕಣದ ಸುತ್ತ ನಿಂತು ಗಂಟಲು ಹರಿಯುವಂತೆ ಕೂಗಿದವರಿಗೆ ಅಲ್ಲಿ ಸಿಗುವುದು ಹೆಚ್ಚೆಂದರೆ ಅರ್ಧ ಸಾಲು. ಆ ಕೂಗು ಆಟದ ಹೊರಗಿನದೋ ಒಳಗಿನದೋ, ಅದಕ್ಕೆ ಮಿತಿ ಬೇಕೋ ಬೇಡವೋ, ಬೇಕಾದರೆ ಯಾವ ಬಗೆಯ ಸದ್ದಿಗೆ ಎಂಬ ಪ್ರಶ್ನೆಗಳ ಸುತ್ತ ಇಬ್ಬರ ನಡುವೆ ನಡೆದ ಸಂವಾದವೆಂಬಂತೆ ಈ ಪ್ರಬಂಧವನ್ನು ರೂಪಿಸಲಾಗಿದೆ. ಇಬ್ಬರಲ್ಲಿ ಒಬ್ಬರು ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕರು, ಕಬಡ್ಡಿ ತೀರ್ಪುಗಾರರೂ ಹೌದು; ಇನ್ನೊಬ್ಬರು ಸಮಾಜಶಾಸ್ತ್ರದ ಅಧ್ಯಾಪಕಿ. ಮೊದಲನೆಯವರಿಗೆ ಸದ್ದು ಕೆಲಸದ ನಡುವಿನ ತೊಡಕು, ಎರಡನೆಯವರಿಗೆ ಅಧ್ಯಯನದ ವಸ್ತು. ಆದ್ದರಿಂದ ಇಬ್ಬರೂ ಒಂದೇ ಮಾತಿಗೆ ಬರಲು ತುಸು ಹೊತ್ತು ಹಿಡಿಯುತ್ತದೆ, ಕೆಲವು ವಿಷಯಗಳಲ್ಲಿ ಬರುವುದೂ ಇಲ್ಲ.

ಅಧ್ಯಾಪಕಿ: ಈ ಭಾಗದ ಪ್ರೇಕ್ಷಕರ ಉತ್ಸಾಹ ಕಾಲೇಜಿನ ಆವರಣದಲ್ಲಿ ಹುಟ್ಟಿದ್ದಲ್ಲ ಸರ್, ಅಲ್ಲಿಂದಲೇ ಚರ್ಚೆ ಆರಂಭವಾಗಬೇಕು. ಬೆಳ್ತಂಗಡಿ ತಾಲ್ಲೂಕಿನ ವೇಣೂರು, ಬಂಟ್ವಾಳದ ಕಡೆಯ ಹೊಕ್ಕಾಡಿಗೋಳಿ, ಮೂಡುಬಿದಿರೆಯ ಕಡಲಕೆರೆ, ಈ ಮೂರೂ ಕಡೆ ಜೋಡುಕರೆ ಕಂಬಳ ನಡೆಯುತ್ತದೆ. ಜೋಡುಕರೆಯೆಂದರೆ ಎರಡು ಜೊತೆ ಕೋಣಗಳು ಏಕಕಾಲಕ್ಕೆ ಓಡುವಂತೆ ಅಕ್ಕಪಕ್ಕದಲ್ಲಿ ಸಿದ್ಧಪಡಿಸಿದ ಕೆಸರಿನ ಎರಡು ಹಾದಿ. ಅಪ್ಪನ ಹೆಗಲ ಮೇಲೆ ಕುಳಿತು, ಕೋಣಗಳು ಮಂಜೊಟ್ಟಿಯೆಂಬ ಕೊನೆಯ ದಿಬ್ಬವನ್ನು ಏರುವ ಗಳಿಗೆಯಲ್ಲಿ ಇಡೀ ಜನಸ್ತೋಮ ಒಮ್ಮೆಲೇ ಬೊಬ್ಬೆ ಹಾಕುವುದನ್ನು ಕಂಡ ಮಗು, ಮುಂದೆ ಊರಿನ ಯುವಕ ಮಂಡಲ ಏರ್ಪಡಿಸುವ ಹೊನಲು ಬೆಳಕಿನ ಕಬಡ್ಡಿಯಲ್ಲಿ ತಾಸೆಯೆಂಬ ವಾದ್ಯದ ಪೆಟ್ಟು, ನಾಸಿಕ್ ಬ್ಯಾಂಡು, ಗರ್ನಾಲೆಂಬ ಸಿಡಿಮದ್ದಿನ ಸಿಡಿತಗಳ ನಡುವೆ ಬೆಳೆಯುತ್ತದೆ. ಹಾಗೆ ಬೆಳೆದವರು ಪದವಿ ತರಗತಿಗೆ ಸೇರಿದ ಕೂಡಲೇ ಕೈಕಟ್ಟಿ ಕುಳಿತು ಪಂದ್ಯ ನೋಡಬೇಕೆಂದು ಬಯಸುವುದು ಅವರ ಊರನ್ನು ಗೇಟಿನ ಹೊರಗೆ ಬಿಟ್ಟು ಬರಲು ಹೇಳಿದಂತೆ ಆಗುತ್ತದೆ.

ನಿರ್ದೇಶಕರು: ಆ ಮಾತನ್ನು ಒಪ್ಪಬಹುದು ಮೇಡಂ, ಆದರೆ ಕಂಬಳದ ಅಭ್ಯಾಸವನ್ನು ಹಾಗೆಯೇ ಕಬಡ್ಡಿಗೆ ತರುವುದರಲ್ಲಿ ಒಂದು ತೊಂದರೆ ಇದೆ. ಕೋಣಗಳ ಓಟದಲ್ಲಿ ಯಾರ ದನಿಯೂ ನಿಯಮದ ಭಾಗವಲ್ಲ. ಯಾವ ಜೊತೆ ಮುಂದೆ ಬಂತೆಂಬುದನ್ನು ಕಣ್ಣು ನೋಡುತ್ತದೆ, ಈಗ ಲೇಸರ್ ಕಿರಣ ನೋಡುತ್ತದೆ, ಕನೆಹಲಗೆಯ ಸ್ಪರ್ಧೆಯಲ್ಲಿ ಎತ್ತರಕ್ಕೆ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ತಾಗಿತೇ ಎಂಬುದಷ್ಟೇ ಲೆಕ್ಕ. ಕಬಡ್ಡಿಯ ಕಥೆ ಬೇರೆ. ಎದುರಾಳಿಯ ಅಂಗಳಕ್ಕೆ ನುಗ್ಗುವ ದಾಳಿಗಾರ ನಡುಗೆರೆ ದಾಟುವ ಮೊದಲೇ 'ಕಬಡ್ಡಿ' ಎಂದು ಉಚ್ಚರಿಸಲು ತೊಡಗಿ, ಮರಳಿ ತನ್ನ ಅಂಗಳ ಸೇರುವವರೆಗೆ ಅದನ್ನು ಸ್ಪಷ್ಟವಾಗಿ, ಒಂದೇ ಉಸಿರಿನಲ್ಲಿ, ಬಿಡದೆ ಹೇಳುತ್ತಿರಬೇಕು. ಆಟದ ಪರಿಭಾಷೆಯಲ್ಲಿ ಇದಕ್ಕೆ 'ಕ್ಯಾಂಟ್' ಎನ್ನುತ್ತಾರೆ. ಕ್ಯಾಂಟ್ ತುಂಡಾದರೆ ದಾಳಿಗಾರ ಔಟ್. ಅದು ತುಂಡಾಯಿತೇ ಎಂಬುದನ್ನು ತಿಳಿಯಲು ತೀರ್ಪುಗಾರನಿಗೆ ಕಿವಿಯೇ ಮೊದಲ ಸಾಧನ. ಖೋ-ಖೋ ಆಟದಲ್ಲಿಯೂ ಇದೇ ಸ್ಥಿತಿ: ಬೆನ್ನಟ್ಟುವವನು ಸಾಲಿನಲ್ಲಿ ಕುಳಿತ ಜೊತೆಯಾಟಗಾರನ ಹಿಂದಿನಿಂದ ಬಂದು, ಕೈ ತಾಗಿಸಿ, ಅದೇ ಕ್ಷಣದಲ್ಲಿ ಎಲ್ಲರಿಗೂ ಕೇಳುವಂತೆ 'ಖೋ' ಎನ್ನಬೇಕು, ಕೈ ತಾಗಿದ್ದೂ ಸದ್ದು ಹೊರಟಿದ್ದೂ ಜೊತೆಗೂಡದಿದ್ದರೆ ಅದು ತಪ್ಪು ಖೋ. ಜಗತ್ತಿನ ಬಹುಪಾಲು ಆಟಗಳಲ್ಲಿ ಆಟಗಾರನ ಕೂಗು ಅವನ ಸ್ವಂತ ವಿಷಯ. ಇಲ್ಲಿಯ ಕಾಲೇಜು ಹುಡುಗ ಹುಡುಗಿಯರು ಅತಿ ಹೆಚ್ಚು ಪ್ರೀತಿಸುವ ಎರಡು ಆಟಗಳಲ್ಲಿ ಅದು ನಿಯಮಪುಸ್ತಕದ ವಿಷಯ. ಪ್ರೇಕ್ಷಕರ ಬೊಬ್ಬೆ ಆಟಗಾರನ ಆ ದನಿಯ ಮೇಲೆಯೇ ಬಂದು ಬೀಳುತ್ತದೆ.

ಅಧ್ಯಾಪಕಿ: ಹಾಗಾದರೆ ಸಾವಿರ ಜನ ಕೂಗುತ್ತಿರುವಾಗ ಕ್ಯಾಂಟ್ ಕೇಳಿಸಿತೆಂದು ತೀರ್ಪುಗಾರ ಹೇಳುವುದು ಹೇಗೆ?

ನಿರ್ದೇಶಕರು: ಕೇಳಿಸದಿದ್ದಾಗ ತುಟಿ ನೋಡುತ್ತಾನೆ, ಎದೆಯ ಏರಿಳಿತ ನೋಡುತ್ತಾನೆ, ದಾಳಿಗಾರನ ಜೊತೆಜೊತೆಗೆ ಅಂಕಣದ ಅಂಚಿನಲ್ಲಿ ಚಲಿಸುತ್ತಾನೆ, ದಾಳಿಗಾರ ಅತ್ತ ಮುಖ ತಿರುಗಿಸಿದಾಗ ಎದುರು ಬದಿಯ ಅಂಪೈರ್ ನೋಡಲಿ ಎಂದು ಬಿಡುತ್ತಾನೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದ್ದು 12 ಮತ್ತು 8 ಮೀಟರ್. ಇಷ್ಟು ಸಣ್ಣ ಜಾಗದ ಅಂಚಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಎದೆ ತಾಗಿಸಿ ಜನ ನಿಂತಿರುತ್ತಾರೆ. ಅತಿ ಕಠಿಣವಾದ ಗಳಿಗೆ ಬೋನಸ್ ಗೆರೆಯದ್ದು: ಎದುರಾಳಿ ಅಂಗಳದಲ್ಲಿ ಆರು ಅಥವಾ ಏಳು ಮಂದಿ ಇರುವಾಗ ದಾಳಿಗಾರ ಒಂದು ಪಾದವನ್ನು ಬೋನಸ್ ಗೆರೆಯಾಚೆ ಊರಿ, ಹಿಂದಿನ ಪಾದವನ್ನು ನೆಲದಿಂದ ಎತ್ತಿದ್ದರೆ ಒಂದು ಅಂಕ ದೊರೆಯುತ್ತದೆ. ಮುಂದಿನ ಪಾದ ಊರಿದ್ದು, ಹಿಂದಿನ ಪಾದ ಎದ್ದದ್ದು, ಉಸಿರು ಬಿಡದೆ ಇದ್ದದ್ದು, ಈ ಮೂರನ್ನೂ ರೆಪ್ಪೆ ಮಿಟುಕಿಸುವಷ್ಟು ಹೊತ್ತಿನಲ್ಲಿ ನೋಡಬೇಕಾದಾಗ ಒಂದು ಬದಿಯ ಜನ 'ಬೋನಸ್' ಎಂದು ಕೈಯೆತ್ತಿ ಕಿರುಚುತ್ತಾರೆ, ಇನ್ನೊಂದು ಬದಿಯವರು ಇಲ್ಲ ಇಲ್ಲವೆಂದು ಕೈಯಾಡಿಸುತ್ತಾರೆ. ಪ್ರೊ ಕಬಡ್ಡಿ ಲೀಗಿನಲ್ಲಿ ಸಂಶಯ ಬಂದರೆ ವಿಡಿಯೊ ಮರುಪರಿಶೀಲನೆಯುಂಟು. ಕಾಲೇಜು ಪಂದ್ಯಾಟಗಳಲ್ಲಿ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ, ತೀರ್ಪುಗಾರನ ಕೈ ಎದ್ದಲ್ಲಿಗೆ ವಿಷಯ ಮುಗಿಯಿತು.

ಅಧ್ಯಾಪಕಿ: ಆ ಕೈ ಯಾವ ಕಡೆಗೆ ಏಳುತ್ತದೆ ಎಂಬುದರ ಮೇಲೆ ಸದ್ದಿನ ಪ್ರಭಾವ ಇದೆಯೆಂದು ತೋರಿಸಿದ ಒಂದು ಅಧ್ಯಯನವಿದೆ. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಲನ್ ನೆವಿಲ್ ಮತ್ತು ಸಂಗಡಿಗರು ಇಂಗ್ಲೆಂಡಿನ 40 ಮಂದಿ ಅರ್ಹ ಫುಟ್‌ಬಾಲ್ ರೆಫ್ರಿಗಳಿಗೆ ಒಂದೇ ಪಂದ್ಯದ 47 ಘರ್ಷಣೆಗಳ ವಿಡಿಯೊ ತೋರಿಸಿ, ಪ್ರತಿಯೊಂದೂ ತಪ್ಪೇ ಅಲ್ಲವೇ ಎಂದು ಕೇಳಿದರು. ಕೆಲವು ರೆಫ್ರಿಗಳಿಗೆ ಪ್ರೇಕ್ಷಕರ ಸದ್ದಿನ ಸಹಿತ, ಉಳಿದವರಿಗೆ ಸದ್ದಿಲ್ಲದೆ. ಸದ್ದು ಕೇಳಿಸಿಕೊಂಡವರು ತವರು ತಂಡದ ವಿರುದ್ಧ ನೀಡಿದ ತಪ್ಪುಗಳು ಇತರರು ನೀಡಿದ್ದಕ್ಕಿಂತ ಶೇಕಡ 15.5ರಷ್ಟು ಕಡಿಮೆ ಇದ್ದವು. ಗಮನಿಸಬೇಕಾದದ್ದೆಂದರೆ, ಅವರು ಪ್ರವಾಸಿ ತಂಡಕ್ಕೆ ಹೆಚ್ಚು ಶಿಕ್ಷೆ ನೀಡಲಿಲ್ಲ, ತವರು ತಂಡದ ತಪ್ಪಿಗೆ ಸೀಟಿ ಊದಲು ಹಿಂಜರಿದರು. ಕೋವಿಡ್ ಕಾಲದಲ್ಲಿ, 2020ರ ಮೇ 16ರಿಂದ ಜರ್ಮನಿಯ ಬುಂಡೆಸ್‌ಲಿಗಾ ಖಾಲಿ ಮೈದಾನಗಳಲ್ಲಿ ಮುಂದುವರಿದಾಗ ಮತ್ತು ಯೂರೋಪಿನ ಇತರ ಲೀಗುಗಳು ಅದನ್ನು ಅನುಸರಿಸಿದಾಗ ಇದೇ ಸಂಗತಿಯನ್ನು ಇನ್ನೊಂದು ಬದಿಯಿಂದ ನೋಡುವ ಅವಕಾಶ ಒದಗಿತು. ಜನರಿಲ್ಲದಾಗ ಹಳದಿ ಚೀಟಿಗಳ ಹಂಚಿಕೆಯಲ್ಲಿ ತವರು ತಂಡಕ್ಕಿದ್ದ ರಿಯಾಯಿತಿ ಕರಗಿತೆಂದು ಹಲವು ಅಧ್ಯಯನಗಳು ಕಂಡುಕೊಂಡವು.

ನಿರ್ದೇಶಕರು: ಯಾವ ತೀರ್ಪುಗಾರನೂ ಇದನ್ನು ತನ್ನ ವಿಷಯದಲ್ಲಿ ಒಪ್ಪುವುದಿಲ್ಲ, ಎಲ್ಲರೂ ಇನ್ನೊಬ್ಬನ ವಿಷಯದಲ್ಲಿ ಒಪ್ಪುತ್ತಾರೆ.

ಅಧ್ಯಾಪಕಿ: ಅದೇ ಕಾರಣದಿಂದ ಯಾರ ಬಳಿ ಸದ್ದು ಇದೆ ಎಂಬುದು ನ್ಯಾಯದ ಪ್ರಶ್ನೆಯಾಗುತ್ತದೆ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು ಇಂಥ ಸಂಸ್ಥೆಗಳಿಗೆ ದೊಡ್ಡ ವಸತಿನಿಲಯಗಳಿವೆ. ಸಂಜೆಯ ಪಂದ್ಯವಿದ್ದರೆ ಹಾಸ್ಟೆಲ್ಲಿನಿಂದ ಮೈದಾನಕ್ಕೆ ನಡೆದು ಬರುವ ದೂರ ಮಾತ್ರ. ವಾಮದಪದವು, ಪುಂಜಾಲಕಟ್ಟೆಗಳಂಥ ಕಡೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಸ್ಥಿತಿ ಹಾಗಲ್ಲ. ಅಲ್ಲಿಯ ವಿದ್ಯಾರ್ಥಿಗಳು ತರಗತಿ ಮುಗಿದ ಕೂಡಲೇ ಬಸ್ಸಿಗೆ ಓಡುವವರು, ಮನೆಗೆ ಹೋಗಿ ಬೀಡಿ ಕಟ್ಟುವ ತಾಯಿಗೋ ಅಡಿಕೆ ತೋಟದಲ್ಲಿರುವ ತಂದೆಗೋ ಕೈಜೋಡಿಸುವವರು, ಕೊನೆಯ ಬಸ್ಸು ತಪ್ಪಿದರೆ ಬೇರೆ ದಾರಿಯಿಲ್ಲದವರು. ಅವರ ತಂಡ ಹನ್ನೆರಡು ಆಟಗಾರರು, ಒಬ್ಬ ತಂಡ ವ್ಯವಸ್ಥಾಪಕ, ಬಟ್ಟೆಯ ಚೀಲ, ನೀರಿನ ಕ್ಯಾನು ಇವಿಷ್ಟರೊಂದಿಗೆ ಬರುತ್ತದೆ. ಎದುರಿಗೆ ನಿಲ್ಲುವುದು ಏಳು ಮಂದಿ ಮತ್ತು ಅವರ ಹಿಂದಿನ ಐನೂರು ಗಂಟಲು. ಸಲಕರಣೆ, ತರಬೇತಿ, ಪೌಷ್ಟಿಕ ಆಹಾರಗಳ ಅಂತರದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಸದ್ದಿನ ಅಂತರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿರ್ದೇಶಕರು: ಆ ಲೆಕ್ಕವನ್ನು ಹಾಕಿ ನೋಡಿದರೆ ತಾವು ತುಸು ಅಚ್ಚರಿಪಡಬಹುದು. ಸದ್ದನ್ನು ಅಳೆಯುವ ಡೆಸಿಬಲ್ ಎಂಬ ಮಾನ ಕೂಡಿಕೆಯ ಮೇಲೆ ನಡೆಯುವುದಿಲ್ಲ, ಗುಣಾಕಾರದ ಮೇಲೆ ನಡೆಯುತ್ತದೆ: ಒಂದೇ ರೀತಿ ಕೂಗುವವರ ಸಂಖ್ಯೆ ಇಮ್ಮಡಿಯಾದರೆ ಸುಮಾರು 3 ಡೆಸಿಬಲ್ ಏರುತ್ತದೆ, ಹತ್ತು ಪಟ್ಟಾದರೆ 10 ಡೆಸಿಬಲ್ ಏರುತ್ತದೆ. ಮನುಷ್ಯರ ಕಿವಿಗೆ ಆ 10 ಡೆಸಿಬಲ್ಲಿನ ಏರಿಕೆ ಹೆಚ್ಚುಕಡಿಮೆ ಎರಡರಷ್ಟು ಗಟ್ಟಿಯಾದಂತೆ ಕೇಳುತ್ತದೆ, ಹತ್ತರಷ್ಟಲ್ಲ. ಅಂದರೆ ಐವತ್ತು ಮಂದಿ ಬೆಂಬಲಿಗರು ಒಟ್ಟಾಗಿ, ಸರಿಯಾದ ಗಳಿಗೆಗೆ ಕೂಗಿದರೆ ಐನೂರು ಮಂದಿಯ ಎದುರು ಅವರ ದನಿ ಪೂರ್ತಿ ಮುಳುಗುವುದಿಲ್ಲ. ಅದರ ಮೇಲೆ ಈ ಜಿಲ್ಲೆಯ ಮೈದಾನಗಳ ರಚನೆಯೂ ಕೆಲಸ ಮಾಡುತ್ತದೆ: ಗುಡ್ಡ ಕಡಿದು ಸಮತಟ್ಟು ಮಾಡಿದ ಮೈದಾನವಾದರೆ ಒಂದು ಬದಿ ಕೆಂಪುಕಲ್ಲಿನ ದರೆ, ಅದಕ್ಕೆ ಕಟ್ಟಿದ ಮೆಟ್ಟಿಲು, ಇನ್ನೊಂದು ಬದಿ ಬಯಲು. ದರೆಯ ಕಡೆ ಕುಳಿತವರ ಕೂಗು ಹಿಂದಿನ ಗೋಡೆಗೆ ಬಡಿದು ಅಂಕಣಕ್ಕೆ ಮರಳುತ್ತದೆ, ಬಯಲಿನ ಕಡೆ ನಿಂತವರದ್ದು ಗಾಳಿಗೆ ಹೋಗುತ್ತದೆ. ಭೇಟಿ ನೀಡುವ ತಂಡದವರಿಗೆ ಕುಳಿತುಕೊಳ್ಳಲು ಯಾವ ಬದಿ ಸಿಗುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇವೆಲ್ಲವೂ ಮನುಷ್ಯರ ಗಂಟಲಿನ ಮಿತಿಯೊಳಗಿನ ವ್ಯತ್ಯಾಸಗಳು. ಲೆಕ್ಕ ತಲೆಕೆಳಗಾಗುವುದು ಧ್ವನಿವರ್ಧಕದ ಪೆಟ್ಟಿಗೆಯಿಂದ. ಗಟ್ಟಿಯಾಗಿ ಕೂಗುವ ಒಬ್ಬ ವ್ಯಕ್ತಿಯ ದನಿ ಒಂದು ಮೀಟರ್ ದೂರದಲ್ಲಿ ಸುಮಾರು 90 ಡೆಸಿಬಲ್ ಇದ್ದರೆ, ಪಂದ್ಯಾಟಗಳಿಗೆ ತರುವ ದೊಡ್ಡ ಪೆಟ್ಟಿಗೆ ಅದೇ ದೂರದಲ್ಲಿ 110ನ್ನು ಸುಲಭವಾಗಿ ಮೀರುತ್ತದೆ. ಒಂದು ಪೆಟ್ಟಿಗೆ ನೂರು ಮಂದಿಗೆ ಸಮ. ಅಂಥ ನಾಲ್ಕನ್ನು ಅಂಕಣದ ನಾಲ್ಕು ಮೂಲೆಗೆ ಇಟ್ಟ ಮೇಲೆ ಪ್ರೇಕ್ಷಕರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅಧ್ಯಾಪಕಿ: ಪೆಟ್ಟಿಗೆಯಲ್ಲಿ ಮಾತನಾಡುವವರೂ ಮನುಷ್ಯರೇ ಅಲ್ಲವೇ? ಇಲ್ಲಿಯ ವೀಕ್ಷಕ ವಿವರಣೆಗಾರರು, ಎಂದರೆ ಮೈಕ್ ಹಿಡಿದು ಆಟವನ್ನು ಬಣ್ಣಿಸುವವರು, ಒಂದು ಪ್ರತ್ಯೇಕ ಕಲೆಯ ಜನ. ತುಳುವಿನಲ್ಲಿ ಆರಂಭಿಸಿ, ಕನ್ನಡಕ್ಕೆ ಹೊರಳಿ, ನಡುವೆ ಬ್ಯಾರಿ ಭಾಷೆಯ ಒಂದು ತಮಾಷೆ ಸೇರಿಸಿ, ದಾನಿಗಳ ಹೆಸರು ಹೇಳಿ, ಅದೇ ಉಸಿರಿನಲ್ಲಿ ದಾಳಿಗೆ ಮರಳುವ ಅವರ ಚಾತುರ್ಯ ಸಾಮಾನ್ಯವಾದುದಲ್ಲ. ಕೊನೆಯ ಸಾಲಿನಲ್ಲಿ ನಿಂತು ಮುಂದಿನವರ ಬೆನ್ನನ್ನಷ್ಟೇ ಕಾಣುವ ಹೆಂಗಸರು, ಮಕ್ಕಳು, ಮುದುಕರು ಲೋನಾ ಎಂದರೇನು ಎಂಬುದನ್ನು ಕಲಿತದ್ದು ಅವರ ಬಾಯಿಂದಲೇ. ಲೋನಾ ಎಂದರೆ ಎದುರಾಳಿಯ ಏಳೂ ಮಂದಿಯನ್ನು ಹೊರಗೆ ಕಳಿಸಿದಾಗ ದೊರೆಯುವ ಎರಡು ಹೆಚ್ಚುವರಿ ಅಂಕ. ಮೈಕನ್ನು ತೆಗೆದರೆ ಪಂದ್ಯ ಮುಂದಿನ ಎರಡು ಸಾಲಿನವರಿಗೆ ಮಾತ್ರ ಉಳಿಯುತ್ತದೆ.

ನಿರ್ದೇಶಕರು: ಮೈಕನ್ನು ತೆಗೆಯಬೇಕೆಂದು ಯಾರೂ ಹೇಳಲಿಲ್ಲ, ಯಾವಾಗ ತೆರೆದಿರಬೇಕು ಎಂಬುದಷ್ಟೇ ವಿಚಾರ. ಒಂದು ದಾಳಿಗೆ ಸಿಗುವುದು 30 ಸೆಕೆಂಡು. ಅಷ್ಟು ಹೊತ್ತು ವಿವರಣೆಗಾರ ಸುಮ್ಮನಿದ್ದು, ದಾಳಿ ಮುಗಿದ ಮೇಲೆ ನಡೆದದ್ದನ್ನು ಬಣ್ಣಿಸಿದರೆ ಅವನ ಕಲೆಗೆ ನಷ್ಟವಿಲ್ಲ. ಅಥ್ಲೆಟಿಕ್ಸ್‌ನಲ್ಲಿ ಈ ಶಿಸ್ತು ಆಗಲೇ ಇದೆ. ಮೂಡುಬಿದಿರೆಯ ಸ್ವರಾಜ್ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ ನಡೆಯಿತು, 2022ರ ಜನವರಿಯಲ್ಲಿ ಪುರುಷರ ಕೂಟ ಮತ್ತೆ ಅಲ್ಲಿಗೇ ಬಂತು. ಅಂಥ ಕೂಟಗಳಲ್ಲಿ ನೂರು ಮೀಟರ್ ಓಟಗಾರರು ಗೆರೆಗೆ ಬಂದು ಬಾಗಿದಾಗ ಮೈಕ್ ತಾನಾಗಿ ಬಂದ್ ಆಗುತ್ತದೆ, ಮೆಟ್ಟಿಲ ಮೇಲಿನ ಸದ್ದು ಇಳಿಯುತ್ತದೆ, ಪಿಸ್ತೂಲಿನ ಶಬ್ದ ಹೊರಟ ಮೇಲೆ ಬೊಬ್ಬೆ ಏಳುತ್ತದೆ. ಕಾರಣ ಎಲ್ಲರಿಗೂ ತಿಳಿದಿದೆ: ಶಬ್ದ ಕೇಳಿದ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಮೊದಲೇ ಕಾಲು ಒತ್ತಿದರೆ ಅದನ್ನು ತಪ್ಪು ಆರಂಭವೆಂದು ಅಂತರರಾಷ್ಟ್ರೀಯ ನಿಯಮ ಪರಿಗಣಿಸುತ್ತದೆ, ಅಷ್ಟು ಸೂಕ್ಷ್ಮವಾದ ಕಡೆ ಯಾರ ಸೀಟಿಯೂ ಸಲ್ಲದು. ಅದೇ ಮೈದಾನದ ಇನ್ನೊಂದು ಮೂಲೆಯಲ್ಲಿ ತ್ರಿವಿಧ ಜಿಗಿತದ ಹುಡುಗ ಓಟದ ಹಾದಿಯ ತುದಿಯಲ್ಲಿ ನಿಂತು ಎರಡೂ ಕೈ ತಲೆಯ ಮೇಲೆತ್ತಿ ತಟ್ಟುತ್ತಾನೆ; ಮೆಟ್ಟಿಲಿನವರು ಅವನ ತಾಳಕ್ಕೆ ಚಪ್ಪಾಳೆ ಹಾಕುತ್ತಾರೆ, ಅವನು ಹೆಜ್ಜೆ ಏರಿಸಿದಂತೆ ಚಪ್ಪಾಳೆಯೂ ಏರುತ್ತದೆ. ಈ ರೂಢಿಯನ್ನು ಜನಪ್ರಿಯಗೊಳಿಸಿದವನು ಅಮೆರಿಕದ ತ್ರಿವಿಧ ಜಿಗಿತಗಾರ ವಿಲ್ಲಿ ಬ್ಯಾಂಕ್ಸ್, 1981ರಲ್ಲಿ ಸ್ಟಾಕ್‌ಹೋಮಿನ ಕೂಟದಲ್ಲಿ. ಒಂದೇ ಸಂಜೆ, ಒಂದೇ ಪ್ರೇಕ್ಷಕವರ್ಗ. ಒಬ್ಬನಿಗೆ ಮೌನ ಕೊಡುತ್ತದೆ, ಇನ್ನೊಬ್ಬನಿಗೆ ಸದ್ದು ಕೊಡುತ್ತದೆ, ಎರಡನ್ನೂ ಕೇಳಿದವನಿಗೆ ಕೇಳಿದ ಹೊತ್ತಿಗೆ ಕೊಡುತ್ತದೆ. ಕಬಡ್ಡಿ ಅಂಕಣಕ್ಕೆ ಬಂದಾಗ ಮಾತ್ರ ಅದೇ ಜನ ಈ ತಿಳಿವಳಿಕೆಯನ್ನು ಮರೆಯುವುದೇಕೆ?

ಅಧ್ಯಾಪಕಿ: ಮರೆಯುವುದಿಲ್ಲ ಸರ್, ಅಲ್ಲಿ ಮರೆಯುವಂತೆ ಏರ್ಪಾಡು ಮಾಡಲಾಗುತ್ತದೆ. ಪ್ರೇಕ್ಷಕರ ಕೂಗನ್ನು ಹೀಗೆ ಏರ್ಪಡಿಸುವುದು ಹೊಸತೇನಲ್ಲ: ಕಾಲೇಜು ಆಟದ ಕೂಗಿಗೆ ನಾಯಕರನ್ನು ನೇಮಿಸುವ ಪದ್ಧತಿ ಅಮೆರಿಕದಲ್ಲಿ ಆರಂಭವಾದದ್ದು 1898ರ ನವೆಂಬರಿನಲ್ಲಿ, ಮಿನೆಸೋಟ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಜಾನಿ ಕ್ಯಾಂಪ್‌ಬೆಲ್ ಪ್ರೇಕ್ಷಕರ ಎದುರು ನಿಂತು ಘೋಷ ಹೇಳಿಸಿದಾಗ ಎಂದು ಆ ಪದ್ಧತಿಯ ಇತಿಹಾಸ ಹೇಳುತ್ತದೆ. ಅಲ್ಲಿಯ ಕಾಲೇಜು ಫುಟ್‌ಬಾಲ್ ಪ್ರೇಕ್ಷಕರ ಆರ್ಭಟಕ್ಕೆ ದೊಡ್ಡ ಖ್ಯಾತಿಯಿದೆ. 1988ರ ಅಕ್ಟೋಬರ್ 8ರಂದು ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾನಿಲಯದ ತಂಡ ಕೊನೆಯ ನಿಮಿಷಗಳಲ್ಲಿ ಆಬರ್ನ್ ವಿರುದ್ಧ 7–6ರಿಂದ ಮುನ್ನಡೆದಾಗ ಸುಮಾರು 79 ಸಾವಿರ ಜನರ ಕುಣಿತ ಅದೇ ಆವರಣದ ಭೂಕಂಪಮಾಪಕದಲ್ಲಿ ದಾಖಲಾಯಿತು. ಆದರೂ ಆ ಪ್ರೇಕ್ಷಕರು ಒಂದು ನಿಯಮವನ್ನು ಬರೆದಿಡದೆ ಪಾಲಿಸುತ್ತಾರೆ: ತಮ್ಮ ತಂಡದ ಬಳಿ ಚೆಂಡಿದ್ದು, ಅದರ ನಾಯಕ ಸಂಕೇತಗಳನ್ನು ಕೂಗಿ ಹೇಳಬೇಕಾದ ಹೊತ್ತಿನಲ್ಲಿ ಅವರು ಸುಮ್ಮನಾಗುತ್ತಾರೆ, ಎದುರು ತಂಡ ಅದೇ ಕೆಲಸ ಮಾಡಲು ಹೊರಟಾಗ ಕಿವಿ ಕಿವುಡಾಗುವಂತೆ ಕೂಗುತ್ತಾರೆ.

ನಿರ್ದೇಶಕರು: ಅದು ಪಕ್ಷಪಾತದ ಮೌನ, ಅದನ್ನು ಇಲ್ಲಿಗೆ ತರುವುದು ಬೇಡ. ಕಬಡ್ಡಿಯಲ್ಲಿ ಆ ಉಪಾಯ ತಿರುಗುಬಾಣವೂ ಆಗುತ್ತದೆ. ಎದುರಾಳಿಯ ದಾಳಿಗಾರ ಒಳಗಿರುವಾಗ ಬೊಬ್ಬೆ ಹಾಕಿದರೆ ಅವನ ಕ್ಯಾಂಟ್ ತುಂಡಾದದ್ದು ತೀರ್ಪುಗಾರನಿಗೆ ಕೇಳುವುದಿಲ್ಲ; ಅಂದರೆ ತವರಿನ ಜನ ಕೂಗಿ ಕೂಗಿ ಎದುರಾಳಿಯ ಉಸಿರನ್ನು ಕಾಪಾಡಿದ ಹಾಗಾಯಿತು. ಇದನ್ನು ಹುಡುಗರಿಗೆ ವಿವರಿಸಿದರೆ ನಗುತ್ತಾರೆ, ಮರುಕ್ಷಣವೇ ಕೂಗುತ್ತಾರೆ. ಕೊನೆಯ ಐದು ಸೆಕೆಂಡುಗಳನ್ನು ಬೇಕೆಂದೇ ಅವಸರದಿಂದ ಎಣಿಸಿ ದಾಳಿಗಾರನನ್ನು ಗಾಬರಿಗೊಳಿಸುವ ಚೇಷ್ಟೆಯೂ ಉಂಟು. ಅದಕ್ಕೆ ಹೆಚ್ಚಾಗಿ ಬಲಿಯಾಗುವವರು ಮೊದಲ ವರ್ಷದವರು. 1965ರಲ್ಲಿ ರಾಬರ್ಟ್ ಝಯಾಂಕ್ ಎಂಬ ಮನಶ್ಶಾಸ್ತ್ರಜ್ಞ ನೀಡಿದ ವಿವರಣೆ ಇಲ್ಲಿ ಹೊಂದುತ್ತದೆ: ನೋಡುವವರ ಇರವು ಮನುಷ್ಯನ ಉದ್ವೇಗವನ್ನು ಏರಿಸುತ್ತದೆ, ಏರಿದ ಉದ್ವೇಗ ಅವನಲ್ಲಿ ಈಗಾಗಲೇ ಬೇರೂರಿದ ಪ್ರತಿಕ್ರಿಯೆಯನ್ನು ಹೊರತರುತ್ತದೆ. ವರ್ಷಗಟ್ಟಲೆ ಅಭ್ಯಾಸದಿಂದ ಸರಿಯಾದ ಹೆಜ್ಜೆಯೇ ಬೇರೂರಿದ್ದರೆ ಆಟ ಮೇಲೇರುತ್ತದೆ, ಇನ್ನೂ ಕಲಿಯುತ್ತಿರುವವನಲ್ಲಿ ತಪ್ಪು ಹೆಜ್ಜೆಯೇ ಮೊದಲು ಹೊರಬರುತ್ತದೆ. ಹಳಬನಿಗೆ ಬಲ ನೀಡುವ ಅದೇ ಕೂಗು ಹೊಸಬನ ಕಾಲನ್ನು ಕಟ್ಟುತ್ತದೆ.

ಅಧ್ಯಾಪಕಿ: ಗಟ್ಟಿತನದ ಬಗ್ಗೆ ಇಷ್ಟು ಹೊತ್ತು ಮಾತಾಯಿತು, ಕೂಗಿನಲ್ಲಿ ಏನಿದೆ ಎಂಬುದರ ಬಗ್ಗೆ ಆಗಲಿಲ್ಲ. ಮಹಿಳೆಯರ ಪಂದ್ಯ ಆರಂಭವಾದಾಗ ಅಂಕಣದ ಸುತ್ತ ಎರಡು ಬಗೆಯ ಸದ್ದು ಕೇಳುತ್ತದೆ. ಒಂದು, ಆಟಗಾರ್ತಿಯ ಹೆಸರು ಹಿಡಿದು, ಅವಳ ಹಿಡಿತಕ್ಕೆ, ಅವಳ ಜಿಗಿತಕ್ಕೆ ಬರುವ ಕೂಗು. ಇನ್ನೊಂದು, ಅವಳ ಉಡುಪಿನ ಮೇಲೆ, ಮೈಕಟ್ಟಿನ ಮೇಲೆ ಬರುವ ಸಿಳ್ಳೆ. ಡೆಸಿಬಲ್ ಮಾಪಕ ಎರಡನ್ನೂ ಒಂದೇ ಅಂಕಿಯಲ್ಲಿ ಬರೆಯುತ್ತದೆ. ಎದುರಾಳಿ ಆಟಗಾರನ ಊರನ್ನೋ ಜಾತಿಯನ್ನೋ ಧರ್ಮವನ್ನೋ ಸೂಚಿಸಿ ಕೆಣಕುವ ಮಾತು ಒಬ್ಬನ ಬಾಯಿಂದ ಮೆಲ್ಲಗೆ ಹೊರಟರೂ ಐನೂರು ಮಂದಿಯ ಬೊಬ್ಬೆಗಿಂತ ಹೆಚ್ಚಿನ ಹಾನಿ ಮಾಡುತ್ತದೆ. ಮೂಡುಬಿದಿರೆಯ ನೆರೆಯ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕಿಯಾಗಿ ಗೆದ್ದು ಬಂದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅಂಥ ಆಟಗಾರ್ತಿಯ ನೆರೆಕರೆಯಲ್ಲಿ, ಮಹಿಳಾ ಪಂದ್ಯವನ್ನು ಪುರುಷರ ಫೈನಲ್‌ಗೆ ಮೊದಲಿನ ಹೊತ್ತು ಕಳೆಯುವ ಮನರಂಜನೆಯೆಂದು ನೋಡುವ ಪ್ರೇಕ್ಷಕರು ಇನ್ನೂ ಇದ್ದಾರೆ.

ನಿರ್ದೇಶಕರು: ಆ ಸಿಳ್ಳೆಗೆ ಔಷಧ ಹುಡುಗಿಯರ ಹಾಸ್ಟೆಲ್ಲಿನಿಂದಲೇ ಬರುತ್ತದೆ. ಅಂಕಣದ ಮುಂದಿನ ಎರಡು ಸಾಲನ್ನು ವಿದ್ಯಾರ್ಥಿನಿಯರಿಗೆ ಬಿಟ್ಟರೆ ಹಿಂದಿನ ಸಿಳ್ಳೆ ತಾನಾಗಿ ಅಡಗುತ್ತದೆ, ಯಾರಿಗೂ ಬುದ್ಧಿವಾದ ಹೇಳಬೇಕಾಗಿಲ್ಲ.

ಇಲ್ಲಿ ಅಧ್ಯಾಪಕಿ ತುಸು ಅಸಮಾಧಾನದಿಂದಲೇ ತಲೆದೂಗುತ್ತಾರೆ. ಸಿಳ್ಳೆ ಹಾಕುವವನನ್ನು ಹೊರಗೆ ಕಳಿಸುವ ಹೊಣೆಯನ್ನು ಸಂಘಟಕರು ಹೊರದೆ, ಅದನ್ನು ಮುಂದಿನ ಸಾಲಿನ ಹುಡುಗಿಯರ ದನಿಗೆ ವಹಿಸುವುದು ಅರ್ಧ ಪರಿಹಾರವೆಂಬ ಅವರ ಆಕ್ಷೇಪ ಸರಿಯಾದದ್ದೇ. ಮಾತು ಅಲ್ಲಿಂದ ಕಾನೂನಿನ ಕಡೆಗೆ ಹೊರಳುತ್ತದೆ.

ನಿರ್ದೇಶಕರು: ಶಬ್ದಮಾಲಿನ್ಯ ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರ 2000ದಲ್ಲಿ ರಚಿಸಿದ ನಿಯಮಗಳಲ್ಲಿ 'ನಿಶ್ಶಬ್ದ ವಲಯ' ಎಂಬ ಕಲ್ಪನೆಯಿದೆ, ಆಸ್ಪತ್ರೆ, ನ್ಯಾಯಾಲಯಗಳ ಜೊತೆಗೆ ಶಿಕ್ಷಣ ಸಂಸ್ಥೆಗಳ ಸುತ್ತಲಿನ 100 ಮೀಟರ್ ಪ್ರದೇಶವೂ ಅದರಲ್ಲಿ ಸೇರಿತ್ತು. ಅಂಥ ವಲಯದಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮಿತಿ; ಧ್ವನಿವರ್ಧಕ, ಡೋಲು, ಸಿಡಿಮದ್ದು ಯಾವುದಕ್ಕೂ ಅವಕಾಶವಿಲ್ಲ. ಅಂದರೆ ಕಾಗದದ ಮೇಲೆ ನೋಡಿದರೆ ಜಿಲ್ಲೆಯಲ್ಲೇ ಅತ್ಯಂತ ಮೌನವಾಗಿರಬೇಕಾದ ಜಾಗಗಳಲ್ಲಿ ಕಾಲೇಜು ಮೈದಾನವೂ ಒಂದು.

ಅಧ್ಯಾಪಕಿ: 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ನಿರ್ದಿಷ್ಟವಾಗಿ ಅಧಿಸೂಚನೆ ಹೊರಡಿಸಿದ ಜಾಗ ಮಾತ್ರ ನಿಶ್ಶಬ್ದ ವಲಯವಾಗುತ್ತದೆ, ಕಾಲೇಜು ಇದೆಯೆಂಬ ಕಾರಣಕ್ಕೇ ತಾನಾಗಿ ಆಗುವುದಿಲ್ಲ. ಆದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬ ನಿಯಮ ಎಲ್ಲ ಕಡೆಗೂ ಅನ್ವಯಿಸುತ್ತದೆ. ರಾಜ್ಯ ಸರ್ಕಾರ ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗೆಂದು ವರ್ಷಕ್ಕೆ 15 ದಿನಗಳವರೆಗೆ ಮಧ್ಯರಾತ್ರಿ 12ರ ತನಕ ವಿನಾಯಿತಿ ಕೊಡಬಹುದು. ಹೊನಲು ಬೆಳಕಿನ ಪಂದ್ಯಾಟದ ಫೈನಲ್ ಹತ್ತು ಗಂಟೆಯೊಳಗೆ ಮುಗಿಯುವುದು ಎಷ್ಟು ಅಪರೂಪವೆಂಬುದು ಮೈದಾನದ ಪಕ್ಕದ ಮನೆಯವರಿಗೆ ಗೊತ್ತು. ಆ ಮನೆಗಳಲ್ಲಿ ಹಸುಗೂಸುಗಳಿರುತ್ತವೆ, ಹಾಸಿಗೆ ಹಿಡಿದ ಹಿರಿಯರಿರುತ್ತಾರೆ, ಮರುದಿನ ಪರೀಕ್ಷೆ ಬರೆಯಬೇಕಾದ ಮಕ್ಕಳಿರುತ್ತಾರೆ. ಗಮನಿಸಿ ಸರ್, ಕಾನೂನು ಹೆಸರಿಸಿದ್ದು ಧ್ವನಿವರ್ಧಕ, ಡೋಲು, ಸಿಡಿಮದ್ದುಗಳನ್ನು. ಬರಿಗಂಟಲಿನ ಕೂಗನ್ನು ಅದು ಹೆಸರಿಸಿಲ್ಲ.

ನಿರ್ದೇಶಕರು: ಹಾಗಾದರೆ ಇಬ್ಬರೂ ಒಂದು ಕಡೆಗೆ ಬಂದಂತಾಯಿತು. ಗಂಟಲು ಇರಲಿ, ಪೆಟ್ಟಿಗೆಗೆ ಕಡಿವಾಣ ಬೀಳಲಿ. ದಾಳಿ ನಡೆಯುತ್ತಿರುವ 30 ಸೆಕೆಂಡು ಮೈಕ್ ಬಂದ್. ತಾಸೆ, ಬ್ಯಾಂಡುಗಳಿಗೆ ಮಧ್ಯಂತರ ಮತ್ತು ವಿರಾಮದ ಹೊತ್ತು ಮಾತ್ರ ಅವಕಾಶ. ಪೆಟ್ಟಿಗೆಗಳ ಮುಖ ಅಂಕಣದ ಕಡೆಗಲ್ಲ, ಹಿಂದಿನ ಸಾಲುಗಳ ಕಡೆಗೆ. ಹಗ್ಗ ಅಂಕಣದ ಗೆರೆಯಿಂದ ನಾಲ್ಕು ಮೀಟರ್ ಆಚೆಗೆ. ಪಂದ್ಯಾಟದ ಆಹ್ವಾನ ಪತ್ರಿಕೆಯ ನಿಯಮಾವಳಿಯಲ್ಲಿ ಇವನ್ನು ಅಚ್ಚು ಹಾಕಿಸಲು ಹೆಚ್ಚುವರಿ ಖರ್ಚೇನೂ ಇಲ್ಲ.

ಅಧ್ಯಾಪಕಿ: ತಾಸೆಯ ವಿಷಯದಲ್ಲಿ ಒಪ್ಪಿಗೆಯಿಲ್ಲ. ತಾಸೆ ಬಾರಿಸುವವನು ಆಟ ನೋಡುತ್ತಾ ಬಾರಿಸುತ್ತಾನೆ, ದಾಳಿಗಾರ ನಡುಗೆರೆ ದಾಟಿದಾಗ ಕೈ ತಡೆಯುವುದನ್ನು ಅವನಿಗೆ ಒಮ್ಮೆ ಹೇಳಿದರೆ ಸಾಕು; ಮೊದಲೇ ಧ್ವನಿಮುದ್ರಿಸಿದ ಹಾಡನ್ನು ಗುಂಡಿ ಒತ್ತಿ ಹಾಕುವವನ ಜೊತೆಗೆ ಅವನನ್ನು ಸೇರಿಸುವುದು ಅನ್ಯಾಯ.

ನಿರ್ದೇಶಕರು: ಅದನ್ನು ಸಂಘಟಕರ ಸಭೆಯಲ್ಲಿ ತೀರ್ಮಾನಿಸಿಕೊಳ್ಳಲಿ.

ಅಧ್ಯಾಪಕಿ: ಆ ಸಭೆಯಲ್ಲಿ ಇನ್ನೊಂದು ಮಾತೂ ಬರಲಿ. ಈ ಎಲ್ಲ ನಿಯಮಗಳು ಸದ್ದನ್ನು ತಗ್ಗಿಸುತ್ತವೆ, ಆದರೆ ಬೆಂಬಲಿಗರಿಲ್ಲದೆ ಬರುವ ತಂಡಕ್ಕೆ ಒಂದು ದನಿಯನ್ನೂ ಕೊಡುವುದಿಲ್ಲ. ತಾವೇ ಹಾಕಿದ ಲೆಕ್ಕದಂತೆ ಐನೂರರ ಎದುರು ಐವತ್ತು ಸಾಕು. ಐವತ್ತು ಎಂದರೆ ಒಂದು ಬಸ್ಸು. ಪಂದ್ಯಾಟ ನಡೆಸುವ ಕಾಲೇಜುಗಳು ಶಾಮಿಯಾನ, ಸ್ಮರಣಿಕೆ, ಪಟಾಕಿಗಳಿಗೆ ತೆಗೆದಿರಿಸುವ ಹಣದಲ್ಲಿ ಒಂದು ಪಾಲನ್ನು ಉಳಿಸಿ, ದೂರದ ಸರ್ಕಾರಿ ಕಾಲೇಜಿನಿಂದ ವಿದ್ಯಾರ್ಥಿ ವಿದ್ಯಾರ್ಥಿನಿಯರನ್ನು ಕರೆತಂದು, ದರೆಯ ಬದಿಯ ಮೆಟ್ಟಿಲಿನಲ್ಲಿ ಅವರಿಗೆ ಜಾಗ ಕೊಟ್ಟು, ರಾತ್ರಿ ಅವರವರ ಊರಿನ ಬಸ್‌ಸ್ಟ್ಯಾಂಡಿಗೆ ಮುಟ್ಟಿಸುವ ಒಂದು ಬಸ್ಸಿನ ವ್ಯವಸ್ಥೆಯನ್ನು ಮುಂದಿನ ಸಲದಿಂದಲಾದರೂ ಮಾಡಬೇಕು.